ಮೂರು ಸಲ "ಬಂದಿಲ್ಲವ್ವ" ಅಂದೆ

ಹೊಸದಾಗಿ ಡಿಪೋಕ್ಕ ಸೇರಿದ ಹುಡುಗ್ರು, ಈಗೀಗ ಹುಡುಗೇರೂ, ಸಂತಿ ದಿನ ಸ್ಟ್ಯಾಂಡಿನ್ಯಾಗ ನನ್ನ ಕಂಡ್ರ ಕರದು ಬಾಜೂಕ ಕುಂಡ್ರಿಸ್ಕೊಂತಾರ. "ಮಾಮಾ, ಮೂವತ್ತು ವರ್ಷ ಲೈನ್ ಮ್ಯಾಲ ತಿರಗೀರಿ, ನಮಗ ಏನಾರ ಹೇಳ್ರಿ" ಅಂತಾರ. ಹೇಳೋದು ಏನದ್ರೆಪ್ಪಾ? ಯಾವಾಗ ಪರ್ಮನೆಂಟ್ ಆದೆ, ಯಾವಾಗ ಬಡ್ತಿ ಬಂತು, ಯಾವ ಸಾಹೇಬ ಹಾರ ಹಾಕಿದ, ಅದೆಲ್ಲ ಸರ್ವಿಸ್ ಬುಕ್ಕಿನ್ಯಾಗ ಅದ. ಅದು ಯಾರಿಗಿ ಬೇಕು, ನನಗೇ ಬ್ಯಾಡಾಗ್ಯದ. ಆ ಬುಕ್ಕಿನ್ಯಾಗ ಬರೀಲಾರದ್ದು ಒಂದು ಅದ. ಒಂದು ಕಾದಂಬರಿ ಸಲುವಾಗಿ ನಾ ಇಬ್ಬರು ಹೆಣ್ಣುಮಕ್ಕಳ ಗೆಳೆತನ ಮುರದೆ, ಅವರೊಳಗ ಒಬ್ಬಾಕಿ ನೌಕರಿನೂ ಕಳದೆ. ಅದನ್ನೇ ಹೇಳ್ತೇನಿ. ನಡುವ ಎದ್ದು ಹೋಗೋರಿದ್ರ ಈಗೇ ಹೋಗ್ರಿ.

ನನ್ನ ಹೆಸರು ಶಿವಶರಣಪ್ಪ. ಕಂಡಕ್ಟರಕಿ ಮಾಡಿದ್ದು ಬಹಳಷ್ಟು ಅಂದೋಲಾ ವಸ್ತಿ ಗಾಡಿ ಮ್ಯಾಲ. ವಸ್ತಿ ಗಾಡಿ ಅಂದ್ರ ರಾತ್ರಿ ಊರಾಗೇ ನಿಂತು ಮುಂಜಾನಿ ವಾಪಸ್ ಹೊಳ್ಳೋ ಬಸ್ಸು. ಮಧ್ಯಾಹ್ನ ಆಳಂದ ಬಿಡೋದು, ಮಟಕಿ ಮುಟ್ಟೋದು, ಅಫಜಲಪುರದಾಗ ಒಂದು ತಾಸು ನಿಂದ್ರೋದು, ಜೇವರ್ಗಿ ದಾಟಿ ಹೊತ್ತು ಮುಳುಗೂದ್ರೊಳಗ ಅಂದೋಲಾ. ಮರುದಿನ ಅದೇ ದಾರಿ ವಾಪಸ್. ಆಮ್ಯಾಲ ಒಂದು ದಿನ ಮನಿ. ರಸ್ತಾ ಅಂದ್ರ ಏನು ರಸ್ತಾರೀ ಅದು, ಗಾಡಿ ಇಳದ ಮ್ಯಾಲೂ ಮೈ ಅಳ್ಳಾಡ್ತಿತ್ತು. ಡ್ರೈವರ್ ಮೆಹಬೂಬ್ ನನ್ನ ಜೋಡಿ ಹನ್ನೊಂದು ವರ್ಷ ಇದ್ದ. "ಶರಣಪ್ಪ ಭಾಯ್, ನಮ್ಮ ಎಲುಬು ನಟ್ಟು ಬೋಲ್ಟಿನ್ಯಾಗ ನಿಂತಾವ" ಅಂತ ದಿನಾ ಒಮ್ಮಿ ಅನ್ನಾಂವ.

ನಾ ಕೆಲಸಕ್ಕ ಸೇರಿದ ಮೊದಲನೇ ದಿನ ಸ್ಟ್ಯಾಂಡಿನ ಕಂಟ್ರೋಲರ್ ಸಾಹೇಬ್ರು, ಬಿಳೀ ಮೀಸಿ ಮುದುಕ್ರು, ನನ್ನ ಹೆಗಲಿಗಿ ಚರ್ಮದ ಚೀಲ ಹಾಕಿದ್ರು. ಟಿಕೇಟಿನ ಬಣ್ಣ, ಪಂಚು ಒತ್ತೋದು ಎಲ್ಲಾ ತಿಳಿಸಿ ಹೇಳಿ ಕಡೀಗಿ ಅಂದ್ರು, "ನೋಡಪಾ, ಇದು ಇಲಾಖಿ ಚೀಲ. ಇದರ ಜೋಡಿ ಇನ್ನೊಂದು ಚೀಲ ತಗೊಂಡು ಬಾ ನಾಳಿಗಿ. ಅದು ಊರಿಂದು." ನನಗ ಅರ್ಥ ಆಗ್ಲಿಲ್ಲ. ಮರುದಿನ ಮಟಕಿ ಸ್ಟಾಪಿನ್ಯಾಗ ಅರ್ಥ ಆತು. ಕಿಡಕಿ ಒಳಗಿಂದ ಒಂದು ಕೈ ಬಂತು, ಬಟ್ಟಿ ಗಂಟು ನನ್ನ ತೊಡಿ ಮ್ಯಾಲ ಬಿತ್ತು, "ಅಫಜಲಪುರ ಸ್ಟ್ಯಾಂಡಿನ್ಯಾಗ ನಮ್ಮಣ್ಣ ಬರ್ತಾನ, ಕೊಡ್ರಿ" ಅಂತ ಧ್ವನಿ ಬಂತು, ಗಾಡಿ ಹೊಂಟೇ ಬಿಡ್ತು. ಯಾವ ಅಣ್ಣ, ಹೆಸರೇನು, ಒಂದೂ ಗೊತ್ತಿಲ್ಲ.

ಆ ಚೀಲದಾಗ ಏನೇನ್ ಬಂದಾವ ಅಂತೀರಿ! ಸಕ್ಕರಿ ಬ್ಯಾನಿ ಇಂಜೆಕ್ಷನ್, ಕಣ್ಣಿನ ಚಾಳೀಸ, ಬಾಣಂತಿ ಅಳ್ಳಿಟ್ಟು, ಹೊಲದ ಪಹಣಿ. ಕಡಗಂಚಿ ಹಾಸ್ಟೆಲಿನ ಹುಡುಗಿಯೊಬ್ಬಾಕಿಗಿ ಅವರವ್ವ ವಾರಕ್ಕೆರಡು ಸಲ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಳಸ್ತಿದ್ಳು. ಆಳಂದದಾಗ ಇನ್ನೊಂದು ಗಾಡಿ ಕಂಡಕ್ಟರಗ ಕೊಟ್ಟು, ಆಂವ ಕಡಗಂಚಿ ಗೇಟಿನ್ಯಾಗ ಇಳಸಬೇಕು. ಇದಕ್ಕೆಲ್ಲ ರಶೀದಿ ಇಲ್ಲ, ಸಹಿ ಇಲ್ಲ. ಕೊಟ್ರು, ತಗೊಂಡೆ, ಮುಟ್ಟಿಸ್ದೆ.

ಗಲತಿನೂ ಆಗ್ತಿದ್ವು. ಒಮ್ಮಿ ದನದ ಡಾಕ್ಟರು ಎತ್ತಿನ ಕಾಲಿಗಿ ಹಚ್ಚೋ ಎಣ್ಣಿ ಕೊಟ್ಟಿದ್ರು, ಇನ್ನೊಬ್ಬರು ಅಳಿಯಗ ಅಂತ ತಲಿಗಿ ಹಚ್ಚೋ ಎಣ್ಣಿ ಕೊಟ್ಟಿದ್ರು. ನಾ ಅದಲು ಬದಲು ಮಾಡ್ದೆ. ಎತ್ತು ಘಮಘಮ ಅನ್ಕೋಂತ ನಿಂತಿತ್ತಂತ, ಅಳಿಯ ಎಂಟು ದಿನ ಮನಿ ಹೊರಗ ಮಲಗಿದ್ನಂತ. ಅವರ ಮಾವ ಸ್ಟಾಪಿಗಿ ಬಂದು ನನ್ನ ತಾಯಿ ತಂದಿ ಎಲ್ಲಾರನ್ನೂ ನೆನೆಸಿದ. ಈ ಗಲತಿಗಿ ನಾವು ಇವತ್ತಿಗೂ ನಗ್ತೇವಿ. ನಗಲಾರದ್ದು ಮುಂದದ.

ಇಲಾಖಿ ಇದನ್ನ ಒಪ್ಪತಿರಲಿಲ್ಲ, ಅದನ್ನೂ ಹೇಳಬೇಕು. ಲಗೇಜ್ ಟಿಕೇಟ್ ಇಲ್ಲದ ಒಂದು ಕಡ್ಡಿನೂ ಗಾಡ್ಯಾಗ ಇರಬಾರದು. ತಪಾಸಣಿ ಸಾಹೇಬ ಒಬ್ಬ ಇದ್ದ, ನೆಟ್ಟಗಿನ ಮನುಷ್ಯ, ಚಾ ಕುಡದ್ರೂ ತನ್ನ ರೊಕ್ಕಾನೇ ಕೊಡಾಂವ. ಆಂವ ಒಂದಿನ ಅಫಜಲಪುರ ದಾರ್ಯಾಗ ಗಾಡಿ ಹತ್ತಿ, ನನ್ನ ಸೀಟಿನ ಬುಡಕ ತುಪ್ಪದ ಡಬ್ಬಿ ಹಿಡದ. "ಯಾರದು?" ಅಂದ. "ಗೊತ್ತಿಲ್ರಿ ಸಾಹೇಬ್ರ" ಅಂದೆ. "ಗೊತ್ತಿಲ್ಲದ್ದು ನಿನ್ನ ಕಾಲಾಗ ಹ್ಯಾಂಗ ಬಂತು?" ಅಂತ ಮೆಮೊ ಬರದ. ಇನ್ನೊಮ್ಮಿ ಸಿಕ್ರ ಮನಿಗಿ ಕಳಸ್ತೇನಿ ಅಂತ ಡಿಪೋ ಸಾಹೇಬ್ರೂ ಅಂದ್ರು. ಆ ಮೆಮೊ ನನ್ನ ಎದ್ಯಾಗ ಎಷ್ಟು ಕುಂತಿತ್ತು ಅನ್ನೋದನ್ನ ನೆನಪಿನ್ಯಾಗ ಇಟ್ಕೋರಿ. ಮಾಫಿ ಸಿಗ್ಲಿ ಅಂತ ಹೇಳಾಕತ್ತಿಲ್ಲ, ಖರೆ ಸಂಗತಿ ಅಷ್ಟೇ.

ಈಗ ಆ ಇಬ್ಬರು ಹೆಣ್ಣುಮಕ್ಕಳು. ಒಬ್ಬಾಕಿ ಶರಣಮ್ಮ, ಇನ್ನೊಬ್ಬಾಕಿ ಕಸ್ತೂರಿ. ಇಬ್ಬರೂ ಅಫಜಲಪುರದ ಒಂದೇ ಓಣಿಯೊಳಗ ಹುಟ್ಟಿ, ಒಂದೇ ಸಾಲಿ ಕಲ್ತು, ಒಂದೇ ವರ್ಷ ಎಸ್ಸೆಸ್ಸೆಲ್ಸಿ ಪಾಸಾದೋರು. ಲಗ್ನಾಗಿ ಶರಣಮ್ಮ ಮಟಕಿಗಿ ಬಂದ್ಳು, ಕಸ್ತೂರಿ ಅಂದೋಲಾಕ್ಕ ಹೋದ್ಳು. ನನ್ನ ಗಾಡಿ ಆ ತುದಿಗಿ ಒಬ್ಬಾಕಿ, ಈ ತುದಿಗಿ ಒಬ್ಬಾಕಿ. ವರ್ಷಕ್ಕೊಮ್ಮಿ ಪಂಚಮಿಗಿ ತವರಿಗಿ ಬಂದಾಗ ಭೆಟ್ಟಿ ಆದ್ರ ಆತು, ಇಲ್ಲಂದ್ರ ಇಲ್ಲ.

ಇಬ್ಬರಿಗೂ ಒಂದೇ ಹುಚ್ಚು. ರಾಜ-ರಾಣಿ ಕಾದಂಬರಿ. ಕೋಟಿ, ಕುದುರಿ, ಸುಲ್ತಾನ, ಪಾಳೇಗಾರ, ಅವರ ನಡುವ ಒಬ್ಬ ಹುಡುಗ ಒಬ್ಬಾಕಿ ಹುಡುಗಿ. ಬ್ಯಾರೆ ಪುಸ್ತಕ ಕೊಟ್ರ ಮುಟ್ಟೋರಲ್ಲ. ಕಸ್ತೂರಿ ಗಂಡ ಕಲಬುರ್ಗಿಯೊಳಗ ಸರಕಾರಿ ಜೀಪ್ ಡ್ರೈವರ್. ರದ್ದಿ ಅಂಗಡಿಯೊಳಗ ಹಳೇ ಕಾದಂಬರಿ ತೂಕದ ಮ್ಯಾಲ ತಂದು ಕೊಡ್ತಿದ್ದ. ಆಕಿ ಅದಕ್ಕ ಹಳೇ ಕ್ಯಾಲೆಂಡರಿನ ರಟ್ಟು ಹಾಕಿ, ದಾರದಲೆ ಹೊಲದು, ಓದಿ ಮುಗಿಸಿ, ಮುಂಜಾನಿ ಅಂದೋಲಾ ಸ್ಟಾಪಿನ್ಯಾಗ ನನ್ನ ಕೈಯಾಗ ಕೊಡ್ತಿದ್ಳು. "ಅಣ್ಣಾರ, ಶರಣಿಗಿ." ಅಷ್ಟೇ ಮಾತು. ಮಟಕಿಯೊಳಗ ಶರಣಮ್ಮ ಕಿಡಕಿಗಿ ಬಂದು ಇಸ್ಕೊಂತಿದ್ಳು. ಹತ್ತು ಹದಿನೈದು ದಿನಕ್ಕ ಅದೇ ಪುಸ್ತಕ ವಾಪಸ್. ಅವರು ಎಂದೂ ಚೀಟಿ ಬರದು ಇಟ್ಟಿದ್ದು ನಾ ನೋಡಿಲ್ಲ. ಪುಸ್ತಕಾನೇ ಅವರ ಮಾತು.

ಇವರಿಬ್ಬರ ಹುಚ್ಚು ನನಗೂ ಹಿಡೀತು. ಹ್ಯಾಂಗ ಅಂದ್ರ, ಅಫಜಲಪುರದಾಗ ಒಂದು ತಾಸು ಸುಮ್ಮ ಕುಂಡ್ರಬೇಕಲ್ಲ. ಮೆಹಬೂಬ್ ರೊಟ್ಟಿ ತಿಂದು ಸ್ಟೇರಿಂಗ್ ಮ್ಯಾಲ ತಲಿ ಇಟ್ಟು ಗೊರಕಿ ಹೊಡೀತಿದ್ದ. ನಾ ಒಂದಿನ ಬ್ಯಾಸತ್ತು ಪುಸ್ತಕ ತೆರದೆ. ಒಬ್ಬ ಸೇನಾಪತಿ ಗಾಯ ಆಗಿ ಕುರಿಗಾರನ ಗುಡಿಸಲದಾಗ ಬಿದ್ದಾನ, ಕುರಿಗಾರನ ಮಗಳು ಅವಗ ಹಾಲು ಕುಡಸ್ತಾಳ, ಆಕಿಗಿ ಆಂವ ಯಾರಂತ ಗೊತ್ತಿಲ್ಲ. ಬೆಲ್ ಆತು, ಗಾಡಿ ಹೊಂಡಬೇಕು. ನನ್ನ ಜೀವ ಆ ಗುಡಿಸಲದಾಗೇ ಉಳೀತು. ಅವತ್ತು ಮೂರು ಮಂದಿಗಿ ತಪ್ಪು ಊರಿನ ಟಿಕೇಟ್ ಹರದೆ.

ಆಮ್ಯಾಲ ಪ್ರತಿಯೊಂದು ಪುಸ್ತಕ ನಾ ಮೊದಲು ಓದಾಕ ಹತ್ತಿದೆ. ಅವತ್ತಿನ ಗಾಡಿಯೊಳಗೇ ಕೊಡೋದು ಬಿಟ್ಟು, ಒಂದು ರೌಂಡ್ ತಡದು ಕೊಡ್ತಿದ್ದೆ. ಎರಡು ದಿನ, ಮೂರು ದಿನ. ಯಾರಿಗಿ ಏನು ಲುಕ್ಸಾನು, ಪುಸ್ತಕ ಎಲ್ಲಿ ಓಡಿ ಹೋಗ್ತದ ಅಂತ ನನಗ ನಾನೇ ಹೇಳ್ಕೊಂಡೆ. ಯಾರಿಗೂ ಗೊತ್ತಾಗ್ಲಿಲ್ಲ. ಗೊತ್ತಾದ್ರ ಇಜ್ಜತ್ ಹೋಗ್ತದ ಅಂತ ಅಂಜಿಕಿ. ಮೀಸಿ ಬಿಟ್ಟ ಗಂಡಸು, ಖಾಕಿ ಹಾಕ್ಕೊಂಡು, ಹೆಣ್ಣುಮಕ್ಕಳ ಪ್ರೀತಿ ಕಥಿ ಓದಿ ಕಣ್ಣು ವರಸ್ಕೊಂತಾನ ಅಂದ್ರ ಡಿಪೋದಾಗ ನನ್ನ ಬಾಳ್ವಿ ಮುಗೀತಿತ್ತು. "ಈ ಕಥಿ ಚಲೋ ಅದವ್ವ" ಅಂತ ಆ ಹೆಣ್ಣುಮಕ್ಕಳ ಮುಂದ ಒಂದು ಮಾತು ಅಂದಿದ್ರ ಏನಾಗ್ತಿತ್ತು? ಏನೂ ಆಗ್ತಿರಲಿಲ್ಲ. ನಕ್ಕು, "ಓದಿ ಕೊಡ್ರಿ ಅಣ್ಣಾರ" ಅಂತಿದ್ರು. ನನಗ ಬಾಯಿ ಬರ್ಲಿಲ್ಲ.

ಆ ವರ್ಷ ಬ್ಯಾಸಗ್ಯಾಗ, ಅಮಾಸಿ ಇನ್ನೂ ಒಂಬತ್ತು ದಿನ ಇತ್ತು. ಮುಂಜಾನಿ ಅಂದೋಲಾ ಸ್ಟಾಪಿನ್ಯಾಗ ಕಸ್ತೂರಿ ಓಡ್ಕೋಂತ ಬಂದ್ಳು. ತಲಿ ಬಾಚಿರಲಿಲ್ಲ, ಕೈಗಿ ಹಿಟ್ಟು ಹತ್ತಿತ್ತು. ದಪ್ಪನ್ನ ಪುಸ್ತಕ ಕೈಯಾಗ ಇಟ್ಟು, "ಅಣ್ಣಾರ, ಇದು ಇವತ್ತೇ ಶರಣಿ ಕೈಗಿ ಮುಟ್ಲಿ. ಆಕಿ ಕೈಯಾಗೇ ಕೊಡ್ರಿ. ಬ್ಯಾರೆ ಯಾರಿಗೂ ಕೊಡಬ್ಯಾಡ್ರಿ. ಇವತ್ತೇ ರೀ" ಅಂದ್ಳು.

"ಹೂನವ್ವ, ಹೂನು" ಅಂದೆ. ಒಳಗೊಳಗ ನಕ್ಕೆ. ಏನು ಹುಚ್ಚಪ್ಪ ಇವರದು, ಕಥಿ ಅಷ್ಟು ಚಲೋ ಅದ ಅಂದಂಗಾತು ಅಂತ. ಅಂದ್ರ ನಾ ಮೊದಲು ಓದಬೇಕು ಅಂತ ಅವಾಗೇ ಮನಸ್ಸಿಗಿ ಬಂತು. ಇದನ್ನ ಮುಚ್ಚಿ ಇಡೋದಿಲ್ಲ.

ಅಫಜಲಪುರದಾಗ ತೆರದೆ. ಹೆಸರಿನ ಹಾಳಿನೇ ಹರದು ಹೋಗಿತ್ತು, ಅದರ ಹೆಸರು ಇವತ್ತಿಗೂ ನನಗ ಗೊತ್ತಿಲ್ಲ. ಹೊಳಿ ದಂಡಿ ಮ್ಯಾಲಿನ ಒಂದು ಕೋಟಿ. ಕೋಟಿ ಒಡೆಯನ ಮಗಳು. ಆಕಿ ಜೀವ ಇಟ್ಟಿದ್ದು ಅರಬ್ಬಿ ಕುದುರಿ ಮಾರಾಕ ಬಂದ ಹುಡುಗನ ಮ್ಯಾಲ. ಸುಲ್ತಾನನ ಸರದಾರ ಆಕಿನ್ನ ಕೇಳ್ತಾನ, ಕೋಟಿಗಿ ಮುತ್ತಿಗಿ ಹಾಕ್ತಾನ. ಹುಡುಗ ಆ ದಂಡಿ, ಹುಡುಗಿ ಈ ದಂಡಿ, ನಡುವ ಹೊಳಿ ತುಂಬಿ ಹರೀತದ. ಆಕಿ ಒಬ್ಬ ಸವಾರನ ಕೈಯಾಗ ಓಲಿ ಕೊಟ್ಟು ಕಳಸ್ತಾಳ. ಅಯ್ಯಯ್ಯ, ಎಂಥಾ ಬರವಣಿಗಿ ಅಂತೀನಿ! ಮಟಕಿ ಬಂದಾಗ ಶರಣಮ್ಮ ಕಿಡಕಿ ಹತ್ರ ನಿಂತಿದ್ಳು.

"ಏನಾರ ಬಂದದೇನ್ರಿ ಅಣ್ಣಾರ?"

"ಬಂದಿಲ್ಲವ್ವ."

ಪುಸ್ತಕ ನನ್ನ ಚೀಲದಾಗ ಇತ್ತು. ನನ್ನ ಮೊಣಕೈಗಿ ಹತ್ತಿತ್ತು.

ಮುಂದಿನ ರೌಂಡಿನ್ಯಾಗೂ ಆಕಿ ಬಂದ್ಳು, ಕೇಳಿದ್ಳು. ಅವತ್ತಿಗಿ ಅರ್ಧಕ್ಕ ಬಂದಿದ್ದೆ, ಸವಾರನ ಬೆನ್ನ ಹಿಂದ ವೈರಿ ದಂಡು ಹತ್ತಿತ್ತು. "ಬಂದಿಲ್ಲವ್ವ" ಅಂದೆ. ಆಮ್ಯಾಲ ನಮ್ಮ ತಂಗಿ ಮಗಳ ಲಗ್ನ ಅಂತ ಮೂರು ದಿನ ರಜಾ ಹಾಕ್ದೆ. ಪುಸ್ತಕ ಲಗ್ನದ ಮನಿಗೂ ಒಯ್ದೆ. ಎಲ್ಲಾರೂ ಅಕ್ಕಿಕಾಳು ಒಗ್ಯೋ ಹೊತ್ತಿನ್ಯಾಗ ನಾ ಅಡಗಿ ಮನಿ ಹಿಂದ ಕುಂತು ಓದಾಕತ್ತಿದ್ದೆ. ಆ ಸವಾರನ ಕುದುರಿ ಸಾಯ್ತದ, ಆಂವ ಕಾಲಲೇ ಓಡ್ತಾನ, ಕಾಲು ಒಡದು ರಕ್ತ ಸುರದ್ರೂ ಓಲಿ ಮುಟ್ಟಿಸಿ ಬೀಳ್ತಾನ. ನಾ ಅಂವನ ಸಲುವಾಗಿ ಅತ್ತೇನಿ. ಅತ್ತದ್ದು ಖರೆ, ನನ್ನ ತೊಡಿ ಮ್ಯಾಲಿನ ಪುಸ್ತಕ ಮುಟ್ಟಿಸಬೇಕು ಅಂತ ಮಾತ್ರ ತಲಿಗಿ ಬರ್ಲಿಲ್ಲ. ಎಂಥಾ ಮನುಷ್ಯ ಇದ್ದೆ ನಾ!

ರಜಾ ಮುಗಿಸಿ ಬಂದಾಗ ಮೂರನೇ ಸಲ ಕೇಳಿದ್ಳು. ಇನ್ನ ಮೂವತ್ತು ಹಾಳಿ ಉಳದಿದ್ವು. ಈಗ "ಬಂದದ" ಅಂದ್ರ ಹಿಂದಿನ ಎರಡು ಸುಳ್ಳು ಬೈಲಿಗಿ ಬರ್ತಾವಂತ ಅದೂ ಒಂದು ಅಂಜಿಕಿ. "ಬಂದಿಲ್ಲವ್ವ" ಅಂದೆ. ಆಕಿ ಮಾರಿ ಸಣ್ಣದು ಮಾಡ್ಕೊಂಡು ಹೊಳ್ಳಿ ಹೋದ್ಳು.

ಅಮಾಸಿ ಆಗಿ ಮೂರು ದಿನಕ್ಕ ಪುಸ್ತಕ ಆಕಿ ಕೈಯಾಗ ಇಟ್ಟೆ. ಒಟ್ಟು ಹನ್ನೆರಡು ದಿನ. "ಇವತ್ತು ಮುಂಜಾನಿ ಕೊಟ್ಟಾಳ ನೋಡವ್ವ" ಅಂದೆ. ನಾಲ್ಕನೇ ಸುಳ್ಳು ಅದು, ಮೊದಲಿನ ಮೂರಕ್ಕಿಂತ ದೊಡ್ಡದು.

ಮುಂದಿನ ರೌಂಡಿನ್ಯಾಗ ನಾ ವಾಪಸ್ ಬರೋ ಗಾಡಿಗಿ ಶರಣಮ್ಮ ಮಟಕಿಯೊಳಗ ಹತ್ತಿದ್ಳು. ಆಕಿ ಒಬ್ಬಾಕಿನೇ ಆಳಂದಕ್ಕ ಹೊಂಟಿದ್ದು ನಾ ನೋಡಿದ್ದು ಅದೇ ಮೊದಲು. ಹೊಸಾ ಇಳಕಲ್ ಸೀರಿ, ಕೈಯಾಗ ಪ್ಲಾಸ್ಟಿಕ್ ಚೀಲ, ಚೀಲದಾಗ ಮಾರ್ಕ್ಸ್ ಕಾರ್ಡ್. ದಾರಿ ತುಂಬ ಆ ಚೀಲಾನ ಎದಿಗಿ ಅವಚಿ ಹಿಡದಿದ್ಳು. ಆಳಂದದಾಗ ಡ್ಯೂಟಿ ಮುಗಿಸಿ, ಲೆಕ್ಕ ಕೊಟ್ಟು ಹೊರಗ ಬಂದಾಗ ಆಕಿ ಸ್ಟ್ಯಾಂಡಿನ ಕಟ್ಟಿ ಮ್ಯಾಲ ಕುಂತಿದ್ಳು. ಅಳಾಕತ್ತಿರಲಿಲ್ಲ. ಹಂಗ ನೆಟ್ಟಗ ನೋಡ್ಕೋಂತ ಕುಂತಿದ್ಳು.

"ಏನಾತವ್ವ?" ಅಂದೆ.

ಚೀಲದಾಗಿಂದ ಒಂದು ಚೀಟಿ ತೆಗದು ಕೊಟ್ಳು. ಕಸ್ತೂರಿ ಅಕ್ಷರ. ಕ್ಯಾಲೆಂಡರ್ ರಟ್ಟಿನ ಮಡಿಕಿಯೊಳಗ ಇಟ್ಟು ಹೊಲದಿದ್ಳಂತ, ಅದಕ್ಕೇ ನನ್ನ ಕಣ್ಣಿಗಿ ಬಿದ್ದಿರಲಿಲ್ಲ. ರಟ್ಟು ಯಾವಾಗಿನಕಿಂತ ದಪ್ಪ ಅದ ಅಂತ ಶರಣಮ್ಮ ಹೊಲಿಗಿ ಬಿಚ್ಚಿ ನೋಡಿದ್ಳಂತ. "ಶರಣಿ, ನಿಮ್ಮೂರಿನ ಅಂಗನವಾಡಿ ಟೀಚರ್ ಕೆಲಸಕ್ಕ ಅರ್ಜಿ ಕರದಾರ. ನಮ್ಮನಿಯವರು ಆಫೀಸಿನ್ಯಾಗ ನೋಡ್ಯಾರ. ಆ ಊರಿನ ಸೊಸಿನೇ ಆಗಬೇಕು, ಎಸ್ಸೆಸ್ಸೆಲ್ಸಿ ಆಗಿರಬೇಕು. ಅಮಾಸಿ ಹಿಂದಿನ ದಿನ ಕಡೀ ದಿನ. ಫೋನ್ ಮಾಡಿದ್ರ ನಿಮ್ಮ ಭಾವನ ಕೈಗಿ ಸಿಗ್ತದ, ನಿಮ್ಮ ನೆಗೆಣ್ಣಿನೂ ಎಸ್ಸೆಸ್ಸೆಲ್ಸಿ ಆಗ್ಯಾಳ. ಅದಕ್ಕ ಬರದೇನಿ. ಯಾರಿಗೂ ಹೇಳಬ್ಯಾಡ. ಲಗೂ ಹೋಗು."

ನೆಗೆಣ್ಣಿ ಅಂದ್ರ ಭಾವನ ಹೇಂತಿ, ಒಂದೇ ಮನ್ಯಾಗ ಇದ್ದಾಕಿ. ಆಕಿ ಅರ್ಜಿ ಹ್ಯಾಂಗೋ ಸುದ್ದಿ ಹತ್ತಿ ಬರೊಬ್ಬರಿ ಟೈಮಿಗಿ ಹೋಗಿತ್ತಂತ. ಶರಣಮ್ಮನ ಮಾರ್ಕ್ಸ್ ಹೆಚ್ಚಿದ್ವು, ಅದಕ್ಕ ದಿನ ದಾಟಿದ್ರೂ ಒಮ್ಮಿ ಕೇಳಿ ನೋಡೋಣಂತ ಬಂದಿದ್ಳು. "ಅವ್ವ, ಇದೇ ಅರ್ಜಿ ಮೊದಲೇ ತಂದಿದ್ರ ನಿಂದೇ ಆಗ್ತಿತ್ತು ನೋಡು" ಅಂದನಂತ ಆಫೀಸಿನ ಕ್ಲಾರ್ಕ್.

"ನೋಡ್ರಿ ಅಣ್ಣಾರ, ನೀವೇ ಹೇಳ್ರಿ" ಅಂದ್ಳು ಶರಣಮ್ಮ. "ಚೀಟಿ ಬರದು ರಟ್ಟಿನ್ಯಾಗ ಇಟ್ಟಾಳ. ಇಟ್ಟು, ಕಥಿ ಮುಗಿಸಿ ಕೊಟ್ರಾತು ಅಂತ ಕುಂತು ಓದ್ಯಾಳ. ಆಕಿಗಿ ರಾಣಿ ಏನಾದ್ಳು ಅನ್ನೋದು ಹೆಚ್ಚಾತು. ಶರಣಿ ಹೊಟ್ಟಿ ಏನಾರ ಆಗ್ಲಿ. ಓದೋ ಹುಚ್ಚು ನನಗೂ ಅದ, ನಾ ಹಂಗ ಮಾಡ್ತಿದ್ದೆನೇನ್ರಿ?"

ನಾ ಚೀಟಿ ವಾಪಸ್ ಕೊಟ್ಟೆ. ಆಕಿ ಕಸ್ತೂರಿಗಿ ಬೈದ ಒಂದೊಂದು ಮಾತೂ ನನ್ನದು. ಹಕೀಕತ್ ನನ್ನ ನಾಲಗಿ ತುದಿಗಿ ಇತ್ತು. ಹಿಂದ ಕಂಟ್ರೋಲರ್ ಖೋಲಿಯೊಳಗ ತಪಾಸಣಿ ಸಾಹೇಬ ಕುಂತಿದ್ದ, ಅವನ ಧ್ವನಿ ಕೇಳಾಕತ್ತಿತ್ತು. ಮೆಮೊ ನೆನಪಾತು. ಮೀಸಿ ನೆನಪಾತು. "ಹೋಗ್ಲಿ ಬಿಡವ್ವ" ಅಂದೆ. ಅಷ್ಟೇ ಅಂದೆ ನಾ.

ಆಮ್ಯಾಲ ಅಂದೋಲಾದಾಗ ಕಸ್ತೂರಿ ಕೇಳ್ತಿದ್ಳು, "ಶರಣಿ ಏನಾರ ಕೊಟ್ಟಾಳೇನ್ರಿ?" ಇಲ್ಲ ಅಂತಿದ್ದೆ. ಒಂದಿನ ಹೊಸಾ ಪುಸ್ತಕ ಕೊಟ್ಳು. ಆವತ್ತೇ, ತೆರದು ಸುದಾ ನೋಡಲಾರದ, ಮಟಕಿಗಿ ಮುಟ್ಟಿಸ್ದೆ. ಶರಣಮ್ಮ ಕೈ ಹಿಂದ ಕಟ್ಕೊಂಡು, "ವಾಪಸ್ ಒಯ್ರಿ, ಕುಂತು ಓದಂತ ಹೇಳ್ರಿ ಆಕಿಗಿ" ಅಂದ್ಳು. ಕಸ್ತೂರಿಗಿ ಹೋಗಿ ಏನು ಹೇಳ್ಲಿ? "ಆಕಿ ಸ್ಟಾಪಿಗಿ ಬಂದಿರಲಿಲ್ಲವ್ವ" ಅಂದೆ. ಇನ್ನೊಮ್ಮಿ ಕೊಟ್ಳು, ಇನ್ನೊಮ್ಮಿ ಹಂಗೇ ಆತು. ನೌಕರಿ ಸಿಗ್ಲಿಲ್ಲಂತ ಸಿಟ್ಟಾಗ್ಯಾಳ ಅಂತ ಕಸ್ತೂರಿ ತಿಳ್ಕೊಂಡ್ಳು. ನಾ ಏನು ಮಾಡ್ದೆ ಅಂತ ಆಕಿಗಿ ತಿಳೀಲಿಲ್ಲ. ಕಡೀಗಿ ಸ್ಟಾಪಿಗಿ ಬರೋದೇ ಬಿಟ್ಳು.

ನಾ ಅವತ್ತಿನಿಂದ ಒಂದೂ ಕಾದಂಬರಿ ಮುಟ್ಟಿಲ್ಲ. ಇದನ್ನ ದೊಡ್ಡ ತ್ಯಾಗ ಅಂತ ಹೇಳಾಕತ್ತಿಲ್ಲ. ಅದರಿಂದ ಯಾರಿಗಿ ಏನು ಬಂತು?

ಕಾಲ ಬದಲಾತು. ಪಂಚು ಹೋಗಿ ಮಷೀನ್ ಬಂತು. ಬಟನ್ ಒತ್ತಿದ್ರ ಚೀಟಿ ಬರ್ತದ, ಊರಿನ ಹೆಸರು ಅದೇ ಹೊಡೀತದ. ಎಲ್ಲಾರ ಕೈಗೂ ಫೋನ್ ಬಂತು, ಕಿಡಕಿಯೊಳಗಿಂದ ಗಂಟು ಬರೋದು ಕಮ್ಮಿ ಆತು. ಹೆಣ್ಣುಮಕ್ಕಳಿಗಿ ಬಸ್ಸು ಪುಕಟ ಆತು. ಅಂದೋಲಾದಿಂದ ಮಟಕಿಗಿ ಕಸ್ತೂರಿ ಸುಮ್ಮ ಕುಂತು ಬರಬಹುದಿತ್ತು, ಶರಣಮ್ಮ ಸುಮ್ಮ ಕುಂತು ಹೋಗಬಹುದಿತ್ತು. ನನ್ನ ಗಾಡಿ ದಿನಾ ಆ ಎರಡೂ ಊರು ಮುಟ್ಟತಿತ್ತು. ಇಬ್ಬರೂ ಹತ್ಲಿಲ್ಲ. ಶರಣಮ್ಮ ಮೊದಲು ಹೊಲದ ಕೂಲಿಗಿ ಹೋದ್ಳು, ಆಮ್ಯಾಲ ಸಾಲಿಯೊಳಗ ಬಿಸಿಯೂಟದ ಅಡಗಿ ಮಾಡಾಕ ಸೇರಿದ್ಳು. ಅದೇ ಕಂಪೌಂಡಿನ್ಯಾಗ ನೆಗೆಣ್ಣಿ ಅಂಗನವಾಡಿ ಟೀಚರ್. ಹುಡುಗ್ರು ಆಕಿಗಿ ಟೀಚರ್ ಅಂತಾವ, ಈಕಿಗಿ ಅಡಗಿ ಆಯಿ ಅಂತಾವ. ಕಿಡಕಿಯೊಳಗಿಂದ ನಾ ದಿನಾ ನೋಡ್ದೆ.

ರಿಟೈರ್ ಆದ ದಿನ ಹೇಳಬೇಕು ಅಂದ್ಕೊಂಡೆ. ಪೆನ್ಶನ್ ಕಾಗದ ಮುಗೀಲಿ ಅಂತ ತಡದೆ. ಅದು ಮುಗೀತು, ಮತ್ತ ಏನೋ ಒಂದು ನೆಪ. ಕಡೀಗಿ ಮೊನ್ನಿ ಜೇವರ್ಗಿ ಸ್ಟ್ಯಾಂಡಿನ್ಯಾಗ ಕಸ್ತೂರಿನೇ ಎದುರಾದ್ಳು. ತಲಿ ಬೆಳ್ಳಗಾಗ್ಯದ, ಧ್ವನಿ ಅದೇ. "ಅಣ್ಣಾರ, ಶರಣಿ ಹ್ಯಾಂಗ ಅದಾಳ?" ಅಂದ್ಳು. ಚಲೋ ಅದಾಳ ಅಂದೆ. "ನಾ ಏನು ತಪ್ಪು ಮಾಡೀನಿ ಅಂತ ಒಮ್ಮಿ ಆಕಿನ್ನ ಕೇಳ್ರಿ. ಸಾಯೋದ್ರೊಳಗ ಗೊತ್ತಾದ್ರ ಸಾಕು" ಅಂತ ತನ್ನ ನಂಬರ್ ಬರದು ಕೊಟ್ಳು. ಆವತ್ತು ಮನಿಗಿ ಬಂದು ಊಟ ಮಾಡ್ಲಿಲ್ಲ. ಮರುದಿನ ಮಟಕಿ ಗಾಡಿ ಹತ್ತಿದೆ.

ಶರಣಮ್ಮ ಅಂಗಳದಾಗ ಕುಂತು ಮೊರದಾಗ ತೊಗರಿ ಬ್ಯಾಳಿ ಹಸನ ಮಾಡಾಕತ್ತಿದ್ಳು. ನಾ ಕುಂಡ್ರಲಿಲ್ಲ. ನಿಂತೇ ಎಲ್ಲಾ ಹೇಳ್ದೆ. ಆಕಿ ಕೈ ನಿಂತ್ವು.

"ಎಷ್ಟು ದಿನ ಇತ್ರಿ ನಿಮ್ಮ ಹತ್ರ?"

"ಹನ್ನೆರಡು."

"ನಾ ಕೇಳಿದಾಗ?"

"ಚೀಲದಾಗ ಇತ್ತವ್ವ."

"ಮೂರು ಸಲ ಕೇಳೀನಿ."

"ಹೌದವ್ವ."

ಬೈತಾಳ ಅಂತ ಕಾದೆ, ಬೈದಿದ್ರ ಚಲೋ ಇತ್ತು. "ನೌಕರಿ ಹೋತು, ಅದಕ್ಕ ಅತ್ತು ಮುಗದದ" ಅಂದ್ಳು. "ಆಕಿ ಮಗಳ ಲಗ್ನಕ್ಕ ಕಾರ್ಡ್ ಬಂತು, ಹೋಗ್ಲಿಲ್ಲ. ಆಕಿ ಅವ್ವ ಸತ್ತಾಗ ನಾ ಅಫಜಲಪುರದಾಗೇ ಇದ್ದೆ. ನನಗ ಉಣಿಸಿ ಬೆಳೆಸಿದಾಕಿ ರೀ ಆ ಮುದುಕಿ. ಬಾಗಿಲ ಮುಂದಿಂದ ಹಾದು ಬಂದೆ, ಒಳಗ ಹೋಗ್ಲಿಲ್ಲ. ಕಸ್ತೂರಿ ಕಟ್ಟಿ ಮ್ಯಾಲ ಕುಂತಿದ್ಳು, ನನ್ನ ನೋಡಿ ಎದ್ದು ನಿಂತ್ಳು. ನಾ ಸೆರಗು ಮಾರಿಗಿ ಎಳಕೊಂಡೆ. ನೀವು ಹೇಳಿ ನಿಮ್ಮ ಎದಿ ಹಗುರ ಮಾಡ್ಕೊಂಡ್ರಿ. ಇದನ್ನ ನಾ ಎಲ್ಲಿ ಇಡ್ಲಿ?"

ಕಸ್ತೂರಿ ನಂಬರಿನ ಚೀಟಿ ಕೊಟ್ಟೆ. ಆಕಿ ಫೋನ್ ಹಚ್ಚಿದ್ಳು, ಸ್ಪೀಕರ್ ಮ್ಯಾಲ ಹಾಕಿ ನನ್ನ ಕೈಯಾಗ ಇಟ್ಳು. "ಮಾಡಿದೋರು ನೀವು. ಆಕಿಗೂ ನೀವೇ ಹೇಳ್ರಿ."

ಎರಡನೇ ಸಲ ಹೇಳೋದು ಮೊದಲಿನಕಿಂತ ಕಠಿಣ ಇತ್ತು. ಫೋನ್ ಕಟ್ಟಾಗ್ಯದೇನು ಅಂತ ನೋಡ್ದೆ, ಆಗಿರಲಿಲ್ಲ.

"ಶರಣಿ ಕೇಳಾಕತ್ತಾಳೇನ್ರಿ?" ಅಂದ್ಳು ಕಸ್ತೂರಿ.

"ಹೌದವ್ವ, ಇಲ್ಲೇ ಅದಾಳ."

"ಶರಣಿ, ನಾ ಆ ಪುಸ್ತಕ ಅರ್ಧಾನೇ ಓದಿದ್ದೆ ಬೇ. ರಾಣಿ ಓಲಿ ಬರಿಯೋತನ. ಆವತ್ತು ರಾತ್ರಿ ನಮ್ಮನಿಯವರು ನೌಕರಿ ಸುದ್ದಿ ತಂದ್ರು. ಮನ್ಯಾಗ ಬ್ಯಾರೆ ಪುಸ್ತಕ ಇರಲಿಲ್ಲ. ನಿಮ್ಮ ಮನಿಗಿ ಬರೇ ಚೀಟಿ ಹ್ಯಾಂಗ ಕಳಸಲಿ? ಓದಾಕತ್ತಿದ್ದನ್ನೇ ರಟ್ಟು ಹೊಲದು ಕೊಟ್ಟೆ. ನೀ ಓದಿ ವಾಪಸ್ ಕಳಸಿದಾಗ ಉಳದದ್ದು ಓದ್ತೇನಿ ಅಂತ."

ಶರಣಮ್ಮ ಎರಡೂ ಕೈಲೆ ಬಾಯಿ ಮುಚ್ಕೊಂಡ್ಳು. ಬ್ಯಾಳಿ ಮೊರ ಕಾಲಿಗಿ ಬಡದು ಚೆಲ್ತು. "ನಾ ಓದೇ ಇಲ್ಲ ಕಸ್ತೂರಿ" ಅಂದ್ಳು. "ಆಳಂದದಿಂದ ಬಂದವಳೇ ಒಲಿಗಿ ಹಾಕ್ದೆ. ಒಂದು ಹಾಳಿನೂ ತೆರೀಲಿಲ್ಲ."

ಫೋನ್ ನನ್ನ ಕೈಯಾಗೇ ಇತ್ತು. ಏನಾರ ಒಂದು ಕೊಡಬೇಕು ಇವರಿಗಿ ಅನಿಸ್ತು. ನನ್ನ ಹತ್ರ ಇದ್ದದ್ದು ಅದೊಂದೇ. "ನನಗ ನೆನಪದ್ರವ್ವ" ಅಂದೆ. "ಒಂದೊಂದು ಮಾತೂ ನೆನಪದ. ಕಡೀಗಿ ಏನಾತು, ನಾ ಹೇಳ್ಲೇನು?"

"ಬ್ಯಾಡ್ರಿ" ಅಂದ್ಳು ಶರಣಮ್ಮ. ಅದೇ ಉಸುರಿನ್ಯಾಗ ಫೋನಿನ್ಯಾಗ ಕಸ್ತೂರಿನೂ ಅಂದ್ಳು, "ಬ್ಯಾಡ್ರಿ."

ಶರಣಮ್ಮ ಎದ್ದು ಬಂದು ನನ್ನ ಕೈಯಾಗಿನ ಫೋನ್ ಇಸ್ಕೊಂಡ್ಳು. ಸ್ಪೀಕರ್ ಬಂದ್ ಮಾಡಿ ಕಿವಿಗಿ ಹಿಡ್ಕೊಂಡು ಪಡಸಾಲಿ ಒಳಗ ಹೋದ್ಳು. "ನೀ ಓದಿದಷ್ಟು ಹೇಳು ಬೇ, ಮೊದಲಿಂದ ಹೇಳು" ಅಂದದ್ದು ಕೇಳ್ತು. ಆಮ್ಯಾಲ ಆಕಿ ಅಳೋದು ಕೇಳ್ತು. ನಾ ಅಂಗಳದಾಗ ಚೆಲ್ಲಿದ್ದ ಬ್ಯಾಳಿ ಆರಿಸಿ ಮೊರಕ್ಕ ಹಾಕ್ದೆ, ಚಪ್ಪಲ್ ಮೆಟ್ಕೊಂಡೆ. ಆ ಕಥಿಯೊಳಗ ಕಡೀಗಿ ಏನಾತು ಅನ್ನೋದು ಈಗ ನನಗೊಬ್ಬಗೇ ಗೊತ್ತದ, ಅದು ಯಾರಿಗೂ ಬ್ಯಾಡಾಗಿತ್ತು.